ಅಕ್ಕನ ಮೂರು ವರ್ಷದ ಪ್ಲಾನು

ನಮ್ಮ ಮನೆಗೆ ಇಬ್ಬರು ಸೊಸೆಯರು. ದೊಡ್ಡ ಸೊಸೆ ನನ್ನ ಓರಗಿತ್ತಿ, ನಾನು ಅಕ್ಕ ಎಂದೇ ಕರೆಯುವುದು. ಅವಳು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನಾನು ಹುಣಸೂರಿನಲ್ಲಿ ಬಿ.ಕಾಂ. ಮುಗಿಸಿ ಬಂದವಳು. ಬಂದ ಹೊಸದರಲ್ಲಿ ನನಗೆ ಆ ಬಿ.ಕಾಂ. ಬಗ್ಗೆ ಸಣ್ಣ ಜಂಬವಿತ್ತು. ಅದನ್ನು ಯಾರೂ ಮುರಿಯಲಿಲ್ಲ, ಯಾರೂ ವಿಚಾರಿಸಲೂ ಇಲ್ಲ. ಹಾಲು ಕರೆಯುವುದಕ್ಕೆ, ಮುದ್ದೆ ಕಟ್ಟುವುದಕ್ಕೆ, ಹೊಗೆಸೊಪ್ಪು ಬಿಡಿಸುವ ದಿನ ಆಳುಗಳಿಗೆ ಊಟ ಹೊತ್ತುಕೊಂಡು ಹೋಗುವುದಕ್ಕೆ ಬಿ.ಕಾಂ. ಅಡ್ಡವೂ ಬರಲಿಲ್ಲ, ಸಹಾಯಕ್ಕೂ ಬರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ನನ್ನ ಹತ್ತಿರ ಅಕ್ಕ ಬಂದು ನಿಂತಳು.

"ಅಮ್ಮೀ, ನೀನು ಬಿಕಾಂ ಓದಿದ್ದೀಯಲ್ಲ. ಯಾಪಾರಕ್ಕೆ ಮೂರು ವರ್ಸದ ಪ್ಲಾನು ಬರೆಯಾಕೆ ಬತ್ತದಾ?"

ಬರುತ್ತದೆ ಎಂದೆ. ಅಷ್ಟು ವರ್ಷದ ಮೇಲೆ ಒಬ್ಬರು ಬಾಯಿಬಿಟ್ಟು ಕೇಳಿದಾಗ ಬರುವುದಿಲ್ಲ ಎನ್ನಲು ಯಾರಿಗೆ ತಾನೇ ಮನಸ್ಸಾಗುತ್ತದೆ? ಪರೀಕ್ಷೆಯಲ್ಲಿ ಬರೆದಿದ್ದೆ, ನಿಜವಾದ ವ್ಯಾಪಾರಕ್ಕೆ ಒಂದೂ ಬರೆದವಳಲ್ಲ. ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತೆ. ಅಕ್ಕ ಎದುರಿಗೆ ಕೂತಳು. ಅವಳ ಉಗುರಿನ ಸಂದಿಯಲ್ಲಿ ಎಂದಿನಂತೆ ತೆಂಗಿನ ನಾರಿನ ಪುಡಿ ಮೆತ್ತಿಕೊಂಡಿತ್ತು.

ಅಕ್ಕನ ವ್ಯಾಪಾರ ಸಸಿಯದು. ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ದೊಡ್ಡ ರೋಡಿನಿಂದ ಸ್ವಲ್ಪ ಒಳಗಿದೆ. ಸುತ್ತಲೂ ಹೊಗೆಸೊಪ್ಪು ಬೆಳೆಯುವವರು. ಎಲೆ ಬೇಯಿಸುವ ಬ್ಯಾರನ್ನುಗಳು ಇಲ್ಲಿ ದನದ ಕೊಟ್ಟಿಗೆಯಷ್ಟೇ ಸಾಮಾನ್ಯ. ನಮ್ಮದೂ ಒಂದಿದೆ, ಅದು ಭಾವನ, ಅಂದರೆ ಅಕ್ಕನ ಗಂಡನ ಉಸ್ತುವಾರಿ. ಒಂದು ವರ್ಷ ನಮ್ಮ ಹಿತ್ತಿಲಿನಲ್ಲಿ ಹಾಕಿದ್ದ ಹೊಗೆಸೊಪ್ಪಿನ ಒಟ್ಲಿನಲ್ಲಿ, ಅಂದರೆ ಸಸಿ ಮಡಿಯಲ್ಲಿ, ಸಸಿ ಮಿಕ್ಕಿತು. ಅಕ್ಕ ಅದನ್ನು ಪಕ್ಕದ ಹೊಲದವರಿಗೆ ಕೊಟ್ಟಳು. ಮುಂದಿನ ವರ್ಷ ಅವರು ತಾವಾಗಿ ಕೇಳಿಕೊಂಡು ಬಂದರು, ಜೊತೆಗೆ ತಮ್ಮ ಬೀಗರನ್ನೂ ಕರೆತಂದರು. ಅದರ ಮುಂದಿನ ವರ್ಷ ಅಕ್ಕ ಪ್ಲಾಸ್ಟಿಕ್ ಟ್ರೇ ತರಿಸಿದಳು, ಮೇಲೆ ಹಸಿರು ನೆರಳುಪರದೆ ಕಟ್ಟಿಸಿದಳು. ನೋಡುತ್ತಿದ್ದಂತೆ ನಮ್ಮ ಹಿತ್ತಿಲು ನರ್ಸರಿಯಾಯಿತು. ನಾನು ಬಟ್ಟೆ ಒಣಹಾಕುತ್ತಿದ್ದ ತಂತಿ ಬೀದಿ ಕಡೆಗೆ ಹೋಯಿತು. ಅದಕ್ಕೆ ನಾನು ಕೆಲವು ದಿನ ಮುಖ ಊದಿಸಿಕೊಂಡಿದ್ದೆ.

ಸಸಿಯ ವಿಚಾರದಲ್ಲಿ ಅಕ್ಕನಿಗೆ ಒಂದು ಹಠ. ತಾನು ನೆಡಲಾರದ ಸಸಿಯನ್ನು ಅವಳು ಮಾರುವುದಿಲ್ಲ. ಗಿರಾಕಿ ಬಂದು ನಿಂತರೆ ಟ್ರೇಯಿಂದ ಒಂದನ್ನು ಮೆಲ್ಲಗೆ ಎತ್ತಿ, ತಿರುಗಿಸಿ, ಬೇರು ನೋಡುತ್ತಾಳೆ. ಬೇರು ಮಣ್ಣನ್ನು ಸುತ್ತಿ ಹಿಡಿದಿರದಿದ್ದರೆ "ಇನ್ನೊಂದು ವಾರ ಬುಟ್ಟು ಬನ್ನಿ ಕಣಣ್ಣ" ಎಂದು ವಾಪಸ್ ಕಳಿಸುತ್ತಾಳೆ. ಕೈಯಲ್ಲಿ ದುಡ್ಡು ಹಿಡಿದು ಬಂದವನನ್ನು ವಾಪಸ್ ಕಳಿಸುವ ಈ ಪದ್ಧತಿಯನ್ನು ನನ್ನ ಯಾವ ಪಠ್ಯಪುಸ್ತಕದಲ್ಲೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಇನ್ನೆಲ್ಲೋ ಕೊಂಡುಬಿಡುತ್ತಾನೆ ಎಂದು ನಾನು, ಕೊಂಡುಕೊಳ್ಳಲಿ ಬಿಡು ಎಂದು ಅವಳು. ಅಂಥವರಲ್ಲಿ ಹೆಚ್ಚಿನವರು ಒಂದು ವಾರ ಬಿಟ್ಟು ಬರುತ್ತಿದ್ದರು ಎಂಬುದನ್ನೂ ಹೇಳಿಬಿಡಬೇಕು.

ಸಸಿ ಚೆನ್ನಾಗಿತ್ತು, ಜಾಗ ಸರಿಯಿರಲಿಲ್ಲ. ನಮ್ಮ ಬೀದಿಗೆ ಟೆಂಪೊ ನುಗ್ಗುವುದಿಲ್ಲ, ರೋಡಿನಲ್ಲೇ ನಿಲ್ಲಿಸಿ ಟ್ರೇಗಳನ್ನು ತಲೆಯ ಮೇಲೆ ಹೊರಬೇಕು. ಅದಾದರೂ ಆಗಲಿ ಎನ್ನಬಹುದಿತ್ತು. ಇನ್ನೊಂದು ತೊಡಕು ನಮ್ಮ ಅತ್ತೆ.

ಅತ್ತೆ ಸಣ್ಣ ಜೀವ. ಮಾತು ಕಡಿಮೆ. ಮಾವ ಇದ್ದಷ್ಟು ದಿನ ಮನೆಯ ಎಲ್ಲ ತೀರ್ಮಾನ ಮಾವನದು, ಅವರು ಹೋದ ಮೇಲೆ ಭಾವನದು. ಎತ್ತು ಮಾರುವಾಗ, ಬೋರು ಕೊರೆಸುವಾಗ, ಗಂಡುಮಕ್ಕಳಿಗೆ ಹೆಣ್ಣು ನೋಡುವಾಗ ಕೂಡ ಅತ್ತೆಯನ್ನು ಕೇಳಿದ್ದನ್ನು ಕಂಡವರಿಲ್ಲ. ನನ್ನನ್ನು ಒಪ್ಪಿದ ಸುದ್ದಿಯೂ ಅವರಿಗೆ ಅಡುಗೆಮನೆಗೇ ತಲುಪಿದ್ದಂತೆ. ಅವರ ಕೈಯಲ್ಲಿ ಉಳಿದಿದ್ದ ಅಧಿಕಾರ ಒಂದೇ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ಏನನ್ನೂ ಆಚೆ ಕೊಡಬಾರದು. ಮೊಸರು, ಉಪ್ಪು, ಅರಿಶಿನ, ದುಡ್ಡು, ಹಸಿರಾಗಿರುವ ಯಾವುದೂ ಕೂಡದು. ಮಂಗಳವಾರ, ಶುಕ್ರವಾರವಂತೂ ಹಗಲೂ ಇಲ್ಲ. ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅವರ ನಂಬಿಕೆ. ಈ ಒಂದು ವಿಚಾರದಲ್ಲಿ ಅತ್ತೆಯ ಮಾತು ಮೀರಿದ್ದರೆ ಮನೆಯಲ್ಲಿ ಯಾರಿಗೂ ಸಮಾಧಾನವಿರುತ್ತಿರಲಿಲ್ಲ, ನನಗೂ ಕೂಡ.

ಈಗ ಮಳೆಯ ಗುಣ ನೋಡಿ. ಭರಣಿ ಮಳೆ ನಮ್ಮ ಕಡೆ ಬೀಳುವುದೇ ಸಾಯಂಕಾಲ. ಮಳೆ ನಿಂತ ಕೂಡಲೇ ಹೊಲದವನಿಗೆ ಬೆಳಿಗ್ಗೆ ನಾಟಿ ಹಾಕುವ ಆತುರ, ಅವನು ಕೆಸರು ಕಾಲಿನಲ್ಲೇ ಸಸಿಗೆ ಓಡಿ ಬರುತ್ತಾನೆ. ಅವನು ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ದೀಪ ಹಚ್ಚಿ, ಹಿತ್ತಿಲಿಗೆ ಹೋಗುವ ಬಾಗಿಲಿನಲ್ಲಿ ಕೂತಿರುತ್ತಾರೆ. "ದೀಪ ಅಚ್ಚಾಯ್ತು ಕಣಪ್ಪ, ನಾಳೀಕೆ ಬಾ" ಎಂದರೆ ಬಂದವನೂ ಎದುರಾಡುವುದಿಲ್ಲ, ಅವನ ತಾಯಿಯೂ ಮನೆಯಲ್ಲಿ ಹಾಗೇ ಅನ್ನುವವಳು. "ಆಯ್ತವ್ವ" ಎಂದು ಹೊರಟುಬಿಡುತ್ತಾನೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ರೋಡಿನ ಪಕ್ಕದ ಬೇರೆ ನರ್ಸರಿಯಲ್ಲಿ ಸಸಿ ತುಂಬಿಸಿಕೊಂಡು ಹೋಗಿರುತ್ತಾನೆ. ನಮ್ಮ ಸಸಿ ಟ್ರೇಯಲ್ಲೇ ಬಲಿಯುತ್ತದೆ. ಬಲಿತ ಸಸಿ ಗೊಬ್ಬರದ ಗುಂಡಿಗೆ.

ಭಾವ ಒಂದು ಸಲ, "ಬೇಲಿ ಮ್ಯಾಲಿಂದ ಕೊಟ್ಟು ಕಳಿಸು, ಅವ್ವುಂಗೆ ಗೊತ್ತಾಗಾಕಿಲ್ಲ" ಎಂದರು. ಅಕ್ಕ ಕೊಡಲಿಲ್ಲ. ಟ್ರೇಗಳಿಗೆ ನೀರು ಹಾಕುತ್ತಾ ಹೋದಳು. ಬಲಿತ ಸಸಿಯನ್ನು ಗುಂಡಿಗೆ ಸುರಿಯುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಆದರೂ ಅತ್ತೆಯ ಮೇಲೆ ಒಂದು ಮಾತು ಆಡಿದವಳಲ್ಲ. ನಾನಾಗಿದ್ದರೆ ಊರಿಗೆಲ್ಲ ಕೇಳುವಂತೆ ಆಡುತ್ತಿದ್ದೆ.

ಇದಕ್ಕೆಲ್ಲ ಪರಿಹಾರವಾಗುವ ಜಾಗವೊಂದು ನಮ್ಮ ಮನೆಯದೇ ಇತ್ತು. ದೊಡ್ಡ ರೋಡಿಗೆ ತಗುಲಿದಂತೆ ಒಂದು ತುಂಡು ಹೊಲ. ಅದು ಅತ್ತೆಯ ತೌರಿನವರು ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು, ಅತ್ತೆಯ ಹೆಸರಿನಲ್ಲೇ ಇದೆ. ಅಲ್ಲಿ ಅವರು ಅವರೆ, ಹುರುಳಿ ಹಾಕಿಸಿಕೊಳ್ಳುತ್ತಿದ್ದರು. ಆ ವರ್ಷ ಆ ಜಾಗದ ಮೇಲೆ ಒಬ್ಬ ಹೋಟೆಲಿನವನ ಕಣ್ಣು ಬಿತ್ತು. ಕೊಡಗಿಗೆ ಹೋಗುವ ಕಾರುಗಳೆಲ್ಲ ನಮ್ಮ ರೋಡಿನಲ್ಲೇ ಹೋಗುವುದು. ಹೋಟೆಲು ಕಟ್ಟುತ್ತೇನೆ, ತಿಂಗಳು ತಿಂಗಳು ಬಾಡಿಗೆ ತಂದುಕೊಡುತ್ತೇನೆ, ಶಿವರಾತ್ರಿಯ ಒಳಗೆ ಹೇಳಿ ಎಂದ. ಭಾವನಿಗೆ ಆಸೆಯಾಯಿತು. ಬ್ಯಾರನ್ನಿಗೆ ಸೌದೆ ಒಟ್ಟಿ ಒಟ್ಟಿ ಸೊಂಟ ಹೋದ ಮನುಷ್ಯ, ಕೂತಲ್ಲಿಗೆ ಬರುವ ಬಾಡಿಗೆಯನ್ನು ಆಸೆಪಟ್ಟದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಜಾಗ ಹೋಟೆಲಿಗೆ ಹೋದರೆ ಅಕ್ಕನ ನರ್ಸರಿ ಹಿತ್ತಿಲಿನಲ್ಲೇ ಸಾಯುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಆಗಲೇ ಹುಣಸೂರಿನಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ ಒಂದು ತರಬೇತಿ ನಡೆಯಿತು. ಅಕ್ಕ ಹಾಲಿನ ಡೇರಿಯ ಹತ್ತಿರ ಸುದ್ದಿ ಕೇಳಿ ಸೇರಿಕೊಂಡಳು. ಮೈಸೂರಿನಿಂದ ಬರುತ್ತಿದ್ದ ಮೇಡಂ ನನಗಿಂತ ಚಿಕ್ಕವರು, ಚುರುಕಿನವರು. ಮೊದಲ ದಿನ ಅವರು, ಮೂರು ವರ್ಷ ಕಳೆದ ಮೇಲೆ ನಿಮ್ಮ ವ್ಯಾಪಾರ ಎಲ್ಲಿರಬೇಕು ಎಂದು ಒಬ್ಬೊಬ್ಬರನ್ನೂ ಕೇಳಿದರಂತೆ. ದೊಡ್ಡದಾಗಿರಬೇಕು, ಮೈಸೂರಿನಲ್ಲಿ ಅಂಗಡಿ ಇರಬೇಕು ಎಂದೆಲ್ಲ ಉಳಿದವರು ಹೇಳಿದರು. ಅಕ್ಕನ ಸರದಿ ಬಂದಾಗ, "ರೋಡು ಪಕ್ಕದಲ್ಲಿರಬೇಕು ಮೇಡಂ" ಎಂದಳು. ಎಲ್ಲರೂ ನಕ್ಕರು. ಮೇಡಂ ನಗದೆ, ಅದನ್ನೇ ಬೋರ್ಡಿನ ಮೇಲೆ ಬರೆದು, "ಇವರು ಒಬ್ಬರೇ ಅಳತೆ ಮಾಡಬಹುದಾದ ಉತ್ತರ ಕೊಟ್ಟರು" ಎಂದರಂತೆ. ಆಮೇಲೆ, ರೋಡಿನ ಪಕ್ಕಕ್ಕೆ ಹೋಗಿ ಯಾರಿಗೆ ಏನು ಮಾರುತ್ತೀರಿ, ಹೋಗಲು ಅಡ್ಡಿ ಏನು, ಬರೆದುಕೊಂಡು ಬನ್ನಿ, ಬ್ಯಾಂಕಿನವರೂ ಅದನ್ನೇ ಕೇಳುತ್ತಾರೆ ಎಂದು ಹೇಳಿ ಕಳಿಸಿದ್ದರು. ಅಕ್ಕ ಕೊಟ್ಟಿಗೆಗೆ ಬಂದು ನನ್ನನ್ನು ಕೇಳಿದ್ದು ಅದರ ಮಾರನೆಯ ಬೆಳಿಗ್ಗೆ.

ನಾನು ಒಂದು ಹಾಳೆ ತೆಗೆದು ಮೇಲೆ "ಮೊದಲನೆಯ ತ್ರೈಮಾಸಿಕ" ಎಂದು ಬರೆದೆ. ಹಾಗೆಂದರೇನು ಎಂದಳು ಅಕ್ಕ. ಮೂರು ಮೂರು ತಿಂಗಳಿಗೆ ಒಂದು ಭಾಗ ಎಂದೆ. ಅವಳು, "ಮಳೇ ಲೆಕ್ಕದಲ್ಲಿ ಬರಿ ಅಮ್ಮೀ. ಜನ ಸಸಿ ಕೇಳಾದು ಮಳೇ ನೋಡಿ" ಎಂದಳು. ಸರಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಬರೆದೆ. ಪಕ್ಕದಲ್ಲಿ ಬ್ಯಾಂಕಿನವರಿಗೆಂದು ಇಂಗ್ಲಿಷ್ ತಿಂಗಳು ಹಾಕಿದೆ. ರೋಹಿಣಿಯವರೆಗೆ ಹೊಗೆಸೊಪ್ಪಿನ ಸಸಿ ಎಂದು ತುಂಬಿತು. ಅಲ್ಲಿಂದ ಮುಂದಕ್ಕೆ ಹಾಳೆ ಖಾಲಿ. ವರ್ಷದಲ್ಲಿ ಮುಕ್ಕಾಲು ಪಾಲು ನಮ್ಮ ಟ್ರೇಗಳು ಖಾಲಿ ಬಿದ್ದಿರುತ್ತವೆ ಎಂಬುದು ಬರೆದು ನೋಡಿದಾಗಲೇ ಇಬ್ಬರಿಗೂ ಕಣ್ಣಿಗೆ ಹೊಡೆದದ್ದು.

"ಇದ್ನ ತುಂಬಿಸ್ಬೇಕು" ಎಂದಳು ಅಕ್ಕ. ಎದ್ದು ಹೋಗಿ ಸೀರೆ ಬದಲಾಯಿಸಿಕೊಂಡು ಬಂದು ಬಸ್ಸಿಗೆ ಹೊರಟಳು. ನನ್ನನ್ನೂ ಎಳೆದುಕೊಂಡು ಹೋದಳು.

ಆ ಚಳಿಗಾಲದಲ್ಲಿ ನಾವು ನಾಲ್ಕು ತಾಲ್ಲೂಕಿನ ಸಂತೆಗಳನ್ನೂ ಸುತ್ತಿದೆವು. ಅಡುಗೆ ಮಾಡಿಟ್ಟು, ದನಗಳಿಗೆ ಹುಲ್ಲು ಹಾಕಿ, ಹೆಚ್.ಡಿ. ಕೋಟೆಗೆ ಒಂದು ದಿನ, ಕೆ.ಆರ್. ನಗರಕ್ಕೆ ಒಂದು ದಿನ, ಪಿರಿಯಾಪಟ್ಟಣಕ್ಕೆ ಎಷ್ಟೋ ದಿನ. ಮೇಡಂ ಕೊಟ್ಟಿದ್ದ ಪ್ರಶ್ನೆಗಳ ಹಾಳೆ ನನ್ನ ಕೈಯಲ್ಲಿತ್ತು. ಮೊದಲನೆಯ ಪ್ರಶ್ನೆ, ಮುಂದಿನ ವರ್ಷ ಏನು ಬೆಳೆಯುತ್ತೀರಿ? ನಾನು ಹುಮ್ಮಸ್ಸಿನಿಂದ ಕೇಳಿದೆ. ಕೇಳಿದವರೆಲ್ಲ ಒಂದೇ ಪಾಠ ಒಪ್ಪಿಸಿದರು, "ದ್ಯಾವ್ರು ನಡೆಸ್ದಂಗೆ ಕಣವ್ವ." ಇನ್ನೂ ಬಿತ್ತದ ಬೆಳೆಯ ಮಾತನ್ನು ಗುರುತಿಲ್ಲದವರ ಹತ್ತಿರ ನಮ್ಮ ಜನ ಆಡುವುದಿಲ್ಲ, ದೃಷ್ಟಿಯಾಗುತ್ತದೆ. ಇದು ನನಗೂ ಗೊತ್ತಿದ್ದದ್ದೇ, ಹಾಳೆ ಕೈಗೆ ಬಂದ ಕೂಡಲೇ ಮರೆತಿದ್ದೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ, ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿನ ಚೀಲವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಓದ್ವರ್ಸ ಯಾವ ಸಸಿ ಸಿಗ್ದೆ ಪರದಾಡಿದ್ರಕ್ಕಾ?" ಎಂದು ಕೇಳಿದಳು. ಅಷ್ಟೇ ಸಾಕಾಯಿತು. ಬರುವ ವರ್ಷದ ಆಸೆಯನ್ನು ಮುಚ್ಚಿಡುವ ಜನಕ್ಕೆ ಹೋದ ವರ್ಷದ ಕಷ್ಟವನ್ನು ಹೇಳಲು ಬಸ್ಸಿನ ದಾರಿಯೇ ಸಾಲುತ್ತಿರಲಿಲ್ಲ. ಹಿಂದಿನ ಸೀಟಿನವರೂ ಮುಂದಕ್ಕೆ ಬಗ್ಗಿ ತಮ್ಮ ಪಾಲಿನದು ಸೇರಿಸುತ್ತಿದ್ದರು. ನಾನು ಬರೆದುಕೊಳ್ಳಲು ಹೋದರೆ ಅಕ್ಕ ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಳು. ಇಳಿದ ಮೇಲೆ ಬರೆಯುತ್ತಿದ್ದೆ.

ಹೆಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಕಡೆಯವರೊಬ್ಬರು ಹೇಳಿದ್ದು ಚೆಂಡು ಹೂವಿನ ಕಥೆ. ಓಣಂಗೆ ಕೇರಳದವರು ಹೂವಿಗೆ ಬಂದು ಕೂರುತ್ತಾರೆ, ಆದರೆ ಆ ಹೂವಿಗೆ ಮೃಗಶಿರ ಮಳೆಯಲ್ಲಿ ಸಸಿ ಬೇಕು, ಆಗ ಒಳ್ಳೆಯ ಸಸಿ ಹತ್ತಿರದಲ್ಲಿ ಎಲ್ಲೂ ಸಿಗದೆ ದೂರದಿಂದ ತಂದು ದಾರಿಯಲ್ಲೇ ಬಾಡಿತು ಎಂದರು. ಕೆ.ಆರ್. ನಗರದ ಸಂತೆಯಲ್ಲಿ ಒಬ್ಬಳು, ಭತ್ತ ಕೊಯ್ದ ಮೇಲೆ ಗದ್ದೆಗೆ ಟೊಮೆಟೊ, ಮೆಣಸಿನಕಾಯಿ ಹಾಕೋಣವೆಂದರೆ ಆ ಚಳಿಯಲ್ಲಿ ಸಸಿ ಬೆಳೆಸುವವರೇ ಇಲ್ಲ ಎಂದಳು. ಸಾಯಂಕಾಲದ ಬಸ್ಸಿನಲ್ಲಿ ಅಕ್ಕ ಕಿಟಕಿಯ ಆಚೆ ಕಣದಲ್ಲಿ ಭತ್ತ ಬಡಿಯುವುದನ್ನು ನೋಡುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ನನ್ನ ಮೊಣಕಾಲು ಹಿಡಿದಳು.

"ನೋಡು ಅಮ್ಮೀ, ನಾವು ಇಷ್ಟು ದಿನ ನಮ್ಮೂರೋರ್ನೇ ನಂಬ್ಕೊಂಡಿದ್ದೊ. ನಮ್ಮೋರು ನಾಟಿ ಮುಗ್ಸಿ ಕೂತಾಗ ಕೋಟೆಯೋರು ಏಳ್ತಾರೆ. ಕೋಟೆಯೋರ ಊವು ಕುಯ್ದು ಭತ್ತ ಮನೇಗೆ ಬರೋ ಒತ್ಗೆ ಕೇರ್‌ನಗರದೋರು ಏಳ್ತಾರೆ. ಟ್ರೇ ಖಾಲಿ ಇರೋದು ಯಾವಾಗ ಏಳು ಮತ್ತೆ?"

ಒಂದು ತಾಲ್ಲೂಕಿನ ನರ್ಸರಿಯನ್ನು ಅವಳು ಕೂತ ಸೀಟಿನಲ್ಲೇ ನಾಲ್ಕು ತಾಲ್ಲೂಕಿಗೆ ಹಂಚಿಬಿಟ್ಟಿದ್ದಳು. ಖಾಲಿ ಹಾಳೆ ತುಂಬಿತು. ಮೊದಲ ವರ್ಷ ಹೊಗೆಸೊಪ್ಪಿನ ಜೊತೆಗೆ ಚೆಂಡು ಹೂವು ಮಾತ್ರ, ಎರಡನೆಯ ವರ್ಷ ತರಕಾರಿ ಸಸಿ, ಮೂರನೆಯ ವರ್ಷ ಸ್ವಂತ ಟೆಂಪೊ. ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡೋಣ ಎಂದು ಕುಣಿದವಳು ನಾನು. ಕೈ ಪಳಗದೆ ಹೊಸ ಸಸಿ ಮಾರಿ ಹೆಸರು ಕೆಡಿಸಿಕೊಳ್ಳಬಾರದು ಎಂದು ತಡೆದವಳು ಅವಳು.

ಸಂಕ್ರಾಂತಿ ಕಳೆದು ಹುಣಸೂರಿಗೆ ಹೋಗಿ ಮೇಡಂಗೆ ತೋರಿಸಿದೆವು. ಅವರು ಬಹಳ ಸಂತೋಷಪಟ್ಟರು. ಎರಡು ಮಾತು ಕೇಳಿದರು. ಎರಡೂ ನಮಗೆ ಹೊಳೆದಿರಲಿಲ್ಲ. ಅಕ್ಕನಿಗೆ ಜ್ವರ ಬಂದು ಮಲಗಿದರೆ ಸಸಿಗೆ ನೀರು ಹಾಕುವವರು, ಬೇರು ನೋಡಿ ಆಗುತ್ತದೆ ಆಗುವುದಿಲ್ಲ ಎನ್ನುವವರು ಯಾರು? ಅಕ್ಕ ನನ್ನ ಮುಖ ನೋಡಿದಳು. ಹಾಗೆ ನಾನು ಪ್ಲಾನಿನೊಳಗೆ ಬಂದೆ. ಎರಡನೆಯದು ಅಪಾಯಗಳ ಪುಟ. ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಪುಟ ಬರೆಯಬೇಕಿತ್ತು. ಅಪಾಯದಲ್ಲಿ ನಾನು ಮಳೆ ಕೈಕೊಡುವುದು, ರೋಗ ಬೀಳುವುದು, ಹೊಗೆಸೊಪ್ಪಿನ ಬೆಲೆ ಇಳಿಯುವುದು ಎಂದು ಬರೆದಿದ್ದೆ.

"ಇದೆಲ್ಲ ಎಲ್ಲರಿಗೂ ಇರುವುದೇ" ಎಂದರು ಮೇಡಂ. "ನಾಳೆ ಬೆಳಿಗ್ಗೆಯೇ ನಿಮ್ಮ ಪ್ಲಾನ್ ನಿಂತುಹೋಗುವುದಾದರೆ ಯಾವುದರಿಂದ? ಅದನ್ನು ಬರೆಯಿರಿ. ಅದನ್ನು ಬಿಟ್ಟು ಬರೆದ ಪ್ಲಾನ್ ಸುಮ್ಮನೆ ಆಸೆ ಅಷ್ಟೇ."

ನಮ್ಮ ಸ್ಟಾಪಿನಲ್ಲಿ ಇಳಿದು, ಅತ್ತೆಯ ಹೊಲದ ಬದುವಿನಲ್ಲಿ ನಡೆಯುತ್ತಿದ್ದಾಗ ಅಕ್ಕ ಹೇಳಿದಳು, "ಅತ್ತೆ ಅಂತ ಬರಿ."

"ತಲೆ ಕೆಟ್ಟದಾ ಅಕ್ಕ? ಅಪಾಯದಲ್ಲಿ ಅತ್ತೇನ ಬರೆಯಾದಾ?"

"ಇರೋದ್ನೇ ಬರಿ. ಜಮೀನು ಅವ್ರದು. ಅವ್ರು ಬ್ಯಾಡ ಅಂದ್ರೆ ಆಯ್ತದಾ? ಆಗಾಕಿಲ್ಲ. ದೀಪದ ಮಾತೂ ಬರಿ."

ಮನೆಯಲ್ಲಿ ಓದುವುದಕ್ಕೆ ಒಂದು, ಬ್ಯಾಂಕಿಗೆ ಒಂದು, ಎರಡು ಬೇರೆ ಬೇರೆ ಬರೆಯೋಣ ಎಂದು ನಾನು ಉಪಾಯ ಹೇಳಿದೆ. ಅಕ್ಕ ನಿಂತು ನನ್ನನ್ನು ನೋಡಿದಳು. "ಎಲ್ಡು ಬರುದ್ರೆ ಒಂದು ಸುಳ್ಳು ಅಂತ ನಮ್ಗೇ ಗೊತ್ತಿರ್ತದಲ್ಲ" ಎಂದಳು. ಅವತ್ತೇ ಬರೆದೆ. "ಅಪಾಯ: ಅತ್ತೆಯವರು. ರೋಡಿನ ಪಕ್ಕದ ಜಮೀನು ಅವರದು. ದೀಪ ಹಚ್ಚಿದ ಮೇಲೆ ಸಸಿ ಕೊಡುವುದಕ್ಕೆ ಅವರ ಒಪ್ಪಿಗೆ ಇಲ್ಲ. ಅವರು ಬೇಡವೆಂದರೆ ಈ ಯೋಜನೆ ನಿಂತುಹೋಗುತ್ತದೆ." ಬರೆಯುವಾಗ ಅಕ್ಷರ ಸೊಟ್ಟಗಾಯಿತು.

ಮನೆಯವರ ಮುಂದೆ ಓದಿ ಹೇಳುವುದಕ್ಕೆ ಒಳ್ಳೆಯ ದಿನ ನೋಡಿದೆವು. ಶುಕ್ರವಾರಕ್ಕಿಂತ ಒಳ್ಳೆಯ ದಿನ ಯಾವುದಿದೆ? ತಲೆಗೆ ಸ್ನಾನ ಮಾಡಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಪೂಜೆ ಮುಗಿಸಿ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದೆವು. ಭಾವ ಕಂಬಕ್ಕೆ ಒರಗಿ ಕೂತರು. ನನ್ನವರು ಕೆಲಸಕ್ಕೆ ಹೋಗುವುದನ್ನು ತಡ ಮಾಡಿ ನಿಂತರು. ಅತ್ತೆ ಹೊಸಲಿನ ಒಳಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಇಂಥ ಮಾತುಕತೆಗೆ ಅವರು ಎಂದೂ ಹೊಸಲಿನ ಈಚೆಗೆ ಬಂದವರಲ್ಲ. ಅಕ್ಕ ಹೋಗಿ, "ಅತ್ತೆ, ನೀವು ಈಚೆ ಬನ್ನಿ, ನಿಮ್ಮನ್ನೇ ಕೇಳಾದು ಇದು" ಎಂದು ಮೊರದ ಸಮೇತ ಕರೆತಂದಳು.

ನಾನು ಓದಿದೆ. ನಾಲ್ಕು ತಾಲ್ಲೂಕಿನ ಭಾಗ ಬಂದಾಗ ಭಾವ ಒರಗಿದ್ದವರು ನೆಟ್ಟಗೆ ಕೂತರು. ಮೇಲಿಂದ ಮೇಲೆ ಹೂಂ ಎಂದರು. ಅಪಾಯದ ಪುಟ ಬಂತು. ಅಕ್ಕನ ಕಡೆ ನೋಡಿದೆ, ಅವಳು ಓದು ಎಂಬಂತೆ ತಲೆ ಆಡಿಸಿದಳು. ಓದಿದೆ. ಭಾವನ ಹೂಂ ನಿಂತಿತು. ಅವರೆಕಾಯಿ ಸುಲಿಯುವ ಸದ್ದೂ ನಿಂತಿತು.

"ಇನ್ನೊಂದು ಸಲ ಓದು" ಎಂದರು ಅತ್ತೆ.

ಓದಿದೆ.

"ಅಂದ್ರೆ, ನಾನು ಬ್ಯಾಡ ಅಂದ್ರೆ ನಿಂತೋಯ್ತದಾ?"

"ಊಂ ಅತ್ತೆ" ಎಂದಳು ಅಕ್ಕ. "ನಿಂತೋಯ್ತದೆ. ಅದ್ಕೇ ಕೇಳ್ತಾ ಇದೀವಿ. ಆ ಜಾಗ ನಂಗೆ ಕೊಡಿ. ಸಂಪಾದ್ನೇಲಿ ನಿಮ್ಮ ಪಾಲು ನಿಮ್ಗೆ ಬತ್ತದೆ, ಅದ್ನೂ ಬರ್ದಿದೀವಿ."

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. "ಇವತ್ತು ಸುಕ್ರವಾರ. ಕೊಡಾಂಗಿಲ್ಲ. ನಾಳೀಕೆ ನೋಡುವ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕೊಡಬಾರದ ದಿನವನ್ನೇ ಹುಡುಕಿ ಹುಡುಕಿ ಕೇಳಲು ಇಟ್ಟುಕೊಂಡಿದ್ದೆವು! ಒಳ್ಳೆಯ ದಿನ ನೋಡುವ ಸಡಗರದಲ್ಲಿ ಅದು ಯಾರಿಗೆ ಒಳ್ಳೆಯದು ಎಂಬುದನ್ನೇ ಮರೆತಿದ್ದೆವು. ಅವತ್ತಿಡೀ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಅಕ್ಕ ಮಾತ್ರ ಎಂದಿನಂತೆ ಖಾಲಿ ಟ್ರೇಗಳನ್ನು ತೊಳೆದು ಬಿಸಿಲಿಗೆ ಇಟ್ಟಳು. ಅತ್ತೆ ಕೋಪಿಸಿಕೊಂಡರೇ ಎಂದು ಕೇಳಿದ್ದಕ್ಕೆ, ಕೋಪ ಬಂದಿದ್ದರೆ ಎರಡನೆಯ ಸಲ ಓದಿಸುತ್ತಿರಲಿಲ್ಲ ಎಂದಳು.

ಶನಿವಾರ ಬೆಳಿಗ್ಗೆ ಅತ್ತೆ ನಮ್ಮಿಬ್ಬರನ್ನೂ ರೋಡಿನ ಪಕ್ಕದ ಹೊಲಕ್ಕೆ ಕರೆದುಕೊಂಡು ಹೋದರು. ಭಾವನೂ ಹಿಂದೆ ಬಂದರು. ಅತ್ತೆ ಹೊಲದ ನಡುವೆ ನಿಂತು ಸುತ್ತ ನೋಡಿದರು.

"ಇಲ್ಲಿ ಮನೆ ಇಲ್ಲ. ಮನೆ ಇಲ್ದ ಮ್ಯಾಲೆ ಇಲ್ಲಿ ದೀಪ ಅಚ್ಚೋರ್ಯಾರು? ದೀಪ ಅಚ್ದೇ ಇದ್ರೆ ದೀಪ ಅಚ್ಚಿದ ಮ್ಯಾಲೆ ಅನ್ನೋದೂ ಇಲ್ಲ. ಮಳೆ ಉಯ್ದಾಗ ಎಷ್ಟೊತ್ಗಾದ್ರೂ ಕೊಡು. ಮಂಗಳವಾರ ಸುಕ್ರವಾರ ಮಾತ್ರ ಬ್ಯಾಡ, ಆ ದಿನ ಎಲ್ಲೋದ್ರೂ ಅದೇ ದಿನ" ಎಂದರು ಅಕ್ಕನಿಗೆ.

ಯಾವ ಲಾಯರೂ ಅಷ್ಟು ಚೆನ್ನಾಗಿ ದಾರಿ ಬಿಡಿಸಿ ಕೊಡುತ್ತಿರಲಿಲ್ಲ. ಭಾವ ಮೆಲ್ಲಗೆ, "ಅವ್ವಾ, ಓಟ್ಲಿನೋನ್ಗೆ ಮಾತು ಕೊಟ್ಟಿದ್ನಲ್ಲ" ಎಂದರು.

"ನಂದನ್ನ ನೀನು ಎಂಗ್ಲಾ ಕೊಟ್ಟೆ?" ಎಂದರು ಅತ್ತೆ. ದನಿ ಏರಿಸಲಿಲ್ಲ. ಭಾವ ಅದೇ ದಿನ ಹೋಟೆಲಿನವನಿಗೆ ಫೋನು ಮಾಡಿ ಆಗುವುದಿಲ್ಲ ಎಂದು ಹೇಳಿದರು. ಕಂಬ ನೆಟ್ಟು ಪರದೆ ಕಟ್ಟುವಾಗ ಎಲ್ಲರಿಗಿಂತ ಹೆಚ್ಚು ಮೈ ಬಗ್ಗಿಸಿದವರೂ ಅವರೇ.

ಈಗ ನರ್ಸರಿ ಅಲ್ಲೇ ಇದೆ. ಪ್ಲಾನಿನಲ್ಲಿ ಬರೆದದ್ದೆಲ್ಲ ಬರೆದ ಹಾಗೆ ನಡೆಯಲಿಲ್ಲ. ಚೆಂಡು ಹೂವಿನ ಮೊದಲ ವರ್ಷ ಸಸಿ ಎಳೆಯದರಲ್ಲೇ ಕೊಳೆತು ಅರ್ಧ ಹೋಯಿತು. ಟೆಂಪೊ ಇನ್ನೂ ಬಂದಿಲ್ಲ. ಆದರೆ ಕೋಟೆಯವರು ಬರುತ್ತಾರೆ, ಕೆ.ಆರ್. ನಗರದವರು ಬರುತ್ತಾರೆ, ಮಂಗಳವಾರ ಶುಕ್ರವಾರ ಬಾಗಿಲು ಹಾಕಿರುವುದು ಗಿರಾಕಿಗಳಿಗೆಲ್ಲ ಗೊತ್ತಾಗಿದೆ. ಆ ಎರಡು ದಿನ ನಾವು ಕೂತು ಕಳೆ ಕಿತ್ತು, ಸಸಿ ಆರಿಸಿ, ಟ್ರೇ ತೊಳೆಯುತ್ತೇವೆ. ಅಕ್ಕ ನನಗೆ ಬೇರು ನೋಡುವುದನ್ನು ಕಲಿಸಿದ್ದಾಳೆ. ದುಡ್ಡು ಹಿಡಿದು ಬಂದವರನ್ನು ಈಗ ನಾನೂ ವಾಪಸ್ ಕಳಿಸುತ್ತೇನೆ. ಇಂಥ ಹೆಂಗಸಿನ ಜೊತೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿನ್ನುವ ಭಾಗ್ಯ ನನಗೆ ಸಿಕ್ಕಿತಲ್ಲ ಎಂದು ಎಷ್ಟೋ ಸಲ ಅನ್ನಿಸುತ್ತದೆ. ಅವಳ ಮುಂದೆ ಹೇಳುವುದಿಲ್ಲ, ಹೇಳಿದರೆ ಇನ್ನೂ ನಾಲ್ಕು ಕೆಲಸ ಹಚ್ಚುತ್ತಾಳೆ.

ಹೊಲ ಸಿಕ್ಕ ಹೊಸದರ ಒಂದು ಮಾತು ಹೇಳುವುದು ಉಳಿದಿದೆ. ಆಗ ಒಂದು ವಾರವಾಗಿದ್ದಿರಬಹುದು. ಬ್ಯಾಂಕಿಗೆ ಕೊಡಲು ನಾನು ಪ್ಲಾನನ್ನು ಹೊಸ ಹಾಳೆಗಳಲ್ಲಿ ಅಂದವಾಗಿ ಬರೆಯುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಅಪಾಯದ ಪುಟಕ್ಕೆ ಬಂದಾಗ ನನಗೆ ಸಂಕೋಚವಾಯಿತು. ಜಮೀನು ಕೊಟ್ಟಾಗಿತ್ತು, ದೀಪದ ಮಾತೂ ಬಗೆಹರಿದಿತ್ತು, ಇನ್ನು ಆ ಸಾಲಿಗೆ ಏನು ಕೆಲಸ? "ಇದೊಂದನ್ನ ಬುಟ್ಬುಡ್ತೀನಿ ಅತ್ತೆ. ಈಗ ಇದು ನಿಜ ಅಲ್ವಲ್ಲ" ಎಂದೆ.

ಅತ್ತೆ ನನ್ನ ಕೈ ಹಿಡಿದರು. ಅವರಿಗೆ ಓದಲು ಬರುವುದಿಲ್ಲ. ಆದರೂ ಯಾವ ಸಾಲು ಎಂದು ತೋರಿಸಿಕೊಂಡು, ಅದರ ಮೇಲೆ ಒಂದು ಬೆರಳು ಇಟ್ಟರು.

"ಬುಡ್ಬ್ಯಾಡ ಕಣವ್ವ. ಈ ಮನೇಗೆ ಬಂದಾಗಿಂದ ನಾನು ಎಷ್ಟು ಸಲ ಬ್ಯಾಡ ಅಂದಿದ್ದೀನಿ, ನಿಮ್ಮಾವ ಒಂದು ದಿನ ನಿಂತು ಕೇಳ್ನಿಲ್ಲ. ನಾನು ಬ್ಯಾಡ ಅಂದ್ರೆ ಒಂದು ಕೆಲ್ಸ ನಿಂತೋಯ್ತದೆ ಅಂತ ನೀವಿಬ್ರೇ ಕಣವ್ವ ಏಳಿದ್ದು. ಅಂಗೇ ಬರಿ. ಬ್ಯಾಂಕ್ನೋರೂ ಓದ್ಲಿ."

ನನಗೆ ಅಳು ಬಂತು. ಮೂಗು ಒರೆಸಿಕೊಂಡು, ಆ ಸಾಲನ್ನು ಇದ್ದದ್ದು ಇದ್ದ ಹಾಗೆ, ಈ ಸಲ ಅಕ್ಷರ ಸೊಟ್ಟಗಾಗದಂತೆ ಬರೆದೆ.